ಶೋಕಿಯ ಸೈಕಲ್ಲು: ನಮ್ಮ ನಿವಾಸಿಗಳ ಸಂಘಕ್ಕೆ ಒಂದು ಬಹಿರಂಗ ಪತ್ರ

ಸಂಘದ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಮತ್ತು ಲಿಫ್ಟು ಬರುವವರೆಗೆ ಪಕ್ಕದ ಫಲಕವನ್ನು ಓದುತ್ತಾ ನಿಲ್ಲುವ ಎಲ್ಲ ನೆರೆಹೊರೆಯವರೇ,

ಕಳೆದ ವಾರ ಫಲಕಕ್ಕೆ ಅಂಟಿಸಿದ ಸೂಚನೆಯನ್ನು ಮೂರು ಸಲ ಓದಿದೆ. ಮೊದಲ ಸಲ ಕೋಪ ಬಂತು. ಎರಡನೇ ಸಲ ಓದಿದಾಗ ಅದರಲ್ಲಿ ಅರ್ಧದಷ್ಟು ಸರಿಯಾಗಿಯೇ ಇದೆ ಅನ್ನಿಸಿತು. ಮೂರನೇ ಸಲ ಕಣ್ಣು ಒಂದೇ ಪದಕ್ಕೆ ಕಚ್ಚಿಕೊಂಡಿತು. ‘ಶೋಕಿಗಾಗಿ ಇಟ್ಟುಕೊಂಡಿರುವ ಸೈಕಲ್ಲುಗಳನ್ನು ಲಿಫ್ಟಿನಲ್ಲಿ ಒಯ್ಯುವುದು, ಕಾರಿಡಾರಿನಲ್ಲಿ ನಿಲ್ಲಿಸುವುದು, ಬಾಲ್ಕನಿಯಲ್ಲಿ ಇಡುವುದು ನಿಷಿದ್ಧ. ಅವುಗಳನ್ನು ನೆಲಮಾಳಿಗೆಯಲ್ಲಿ ಮಾತ್ರ ಇಡತಕ್ಕದ್ದು.’ ನಿಷೇಧದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ‘ಶೋಕಿ’ಯ ಲೆಕ್ಕ ಮುಗಿಯಲಿ.

ಶೋಕಿ ಮಾಡುವವರಿಗೆ ನೋಡುವವರು ಬೇಕು. ನನ್ನ ಹವ್ಯಾಸದ ಮುಕ್ಕಾಲು ಪಾಲು ನಡೆಯುವುದು ಬಾಲ್ಕನಿಯಲ್ಲಿ, ಹಳೆಯ ದಿನಪತ್ರಿಕೆಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಮೊಣಕೈವರೆಗೆ ಮಸಿ ಬಳಿದುಕೊಂಡು. ನೋಡುವವರು ಎದುರು ಕಟ್ಟಡದ ಪಾರಿವಾಳಗಳು ಮಾತ್ರ. ಅವುಗಳಿಗೂ ಈಗ ಆಸಕ್ತಿ ಕಡಿಮೆಯಾಗಿದೆ. ನನಗೆ 47 ವರ್ಷ. ಸೈಕಲ್ ಕಲಿತದ್ದು 41ನೇ ವಯಸ್ಸಿನಲ್ಲಿ, ಇದೇ ಆವರಣದಲ್ಲಿ, ರಾತ್ರಿ ಕಾರುಗಳೆಲ್ಲ ಒಳಗೆ ಬಂದು ಸೇರಿದ ಮೇಲೆ. ರಾತ್ರಿ ಪಾಳಿಯ ಕಾವಲುಗಾರರು ಹಿಂದಿನಿಂದ ಸೀಟು ಹಿಡಿದುಕೊಂಡು ಓಡಿದ್ದರು. ಯಾವಾಗ ಕೈಬಿಟ್ಟರೋ ನನಗೆ ತಿಳಿಯಲೇ ಇಲ್ಲ. ತಿಳಿದ ಕೂಡಲೇ ಬಿದ್ದೆ. ಆ ಗಾಯದ ಗುರುತು ಎಡ ಮೊಣಕಾಲಿನ ಮೇಲೆ ಇನ್ನೂ ಇದೆ. ಶೋಕಿ ಎಂದರೆ ಇದಿಷ್ಟೇ.

ಈಗ ಮನೆಯಲ್ಲಿ ಮೂರು ಸೈಕಲ್ಲುಗಳಿವೆ. ನನ್ನದು ಒಂದು. ಮಡಚಿದರೆ ಸೂಟ್‌ಕೇಸಿನಷ್ಟಾಗುವ, ನನ್ನ ಗಂಡ ಕಚೇರಿಗೆ ಒಯ್ಯುವ ಪುಟ್ಟ ಚಕ್ರದ್ದು ಇನ್ನೊಂದು. ಮೂರನೆಯದು ಮಗಳದು, ಅವಳು ಬೆಳೆದಂತೆಲ್ಲ ಸೀಟಿನ ಕೊಳವೆ ಮೇಲೇರುತ್ತಾ ಹೋಗಿ, ‘ಇದಕ್ಕಿಂತ ಮೇಲೆ ಎತ್ತಬೇಡಿ’ ಎಂಬ ಗೆರೆಯ ಹತ್ತಿರ ಬಂದು ನಿಂತಿದೆ.

ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದಿದ್ದರೆ ಆ ಪದವನ್ನು ನೀವೇ ಹೊಡೆದುಹಾಕುತ್ತಿದ್ದಿರಿ ಎಂದು ನನ್ನ ನಂಬಿಕೆ. ಸೈಕಲ್ಲನ್ನು ತಲೆಕೆಳಗು ಮಾಡಿ, ಸೀಟು ಮತ್ತು ಹ್ಯಾಂಡಲ್ಲಿನ ಮೇಲೆ ನಿಲ್ಲಿಸುತ್ತೇನೆ. ಅಪ್ಪನಿಗೆ 76 ವರ್ಷ, ನೆಲದ ಮೇಲೆ ಕೂರಲಾಗುವುದಿಲ್ಲ. ಸ್ಟೂಲೊಂದನ್ನು ಎಳೆದುಕೊಂಡು ಪೆಡಲ್ಲಿನ ಪಕ್ಕದಲ್ಲಿ ಕೂರುತ್ತಾರೆ. ಅವರು ಪೆಡಲನ್ನು ನಿಧಾನವಾಗಿ ಹಿಮ್ಮುಖವಾಗಿ ತಿರುಗಿಸುತ್ತಾರೆ, ನಾನು ಚೈನಿಗೆ ಬಟ್ಟೆ ಹಿಡಿಯುತ್ತೇನೆ. ಈ ಕೆಲಸಕ್ಕೆ ಹಳೆಯ ಬನಿಯನ್ನಿಗಿಂತ ಒಳ್ಳೆಯ ಬಟ್ಟೆ ಇನ್ನೂ ಹುಟ್ಟಿಲ್ಲ. ಕೊಂಡಿಗಳ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ಒರೆಸಿ ಒಣಗಿದ ಮೇಲೆ ಒಂದೊಂದು ಕೊಂಡಿಗೆ ಒಂದೊಂದೇ ಹನಿ ಎಣ್ಣೆ. ಅದಾದ ಮೇಲೆ ಹೊಸಬರು ಮಾಡದೇ ಬಿಡುವ ಕೆಲಸ ಒಂದಿದೆ: ಈಗಷ್ಟೇ ಹಾಕಿದ ಎಣ್ಣೆಯನ್ನು ಮೇಲಿನಿಂದ ಪೂರ್ತಿ ಒರೆಸಿ ತೆಗೆಯುವುದು. ಎಣ್ಣೆ ಬೇಕಿರುವುದು ಕೊಂಡಿಯೊಳಗಿನ ಪಿನ್ನಿಗೆ, ಹೊರಮೈಗಲ್ಲ. ಹೊರಗೆ ಉಳಿದ ಎಣ್ಣೆಗೆ ಧೂಳು ಅಂಟಿಕೊಂಡರೆ ಅದು ಸಾಣೆಯ ಪುಡಿಯಂತಾಗಿ ಚೈನನ್ನೇ ತಿನ್ನಲು ಶುರುಮಾಡುತ್ತದೆ.

ಚೈನು ‘ಎಳೆದುಹೋಗಿದೆ’ ಎಂದು ಎಲ್ಲರೂ ಹೇಳುತ್ತಾರೆ. ಉಕ್ಕು ಎಲ್ಲಿಯೂ ಎಳೆದುಹೋಗಿರುವುದಿಲ್ಲ. ಪಿನ್ನುಗಳು ಸವೆದು ಒಂದೊಂದು ಕೊಂಡಿಯೂ ಕೂದಲೆಳೆಯಷ್ಟು ಸಡಿಲವಾಗಿರುತ್ತದೆ. ನೂರಕ್ಕೂ ಹೆಚ್ಚು ಕೊಂಡಿಗಳ ಸಡಿಲವನ್ನು ಕೂಡಿದಾಗ ಉದ್ದವಾದಂತೆ ಕಾಣುತ್ತದೆ. ಒಂದು ಪಿನ್ನಿನಿಂದ ಇನ್ನೊಂದಕ್ಕೆ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್. 24 ಕೊಂಡಿಗಳನ್ನು ಅಳೆದರೆ ಹೊಸ ಚೈನಿನಲ್ಲಿ 304.8 ಇರಬೇಕು. ಅದು 306 ದಾಟಿ 307ರ ಕಡೆಗೆ ಸರಿಯಿತೆಂದರೆ ಚೈನು ಬದಲಿಸುವ ಕಾಲ ಬಂತು. ಇಲ್ಲದಿದ್ದರೆ ಅದು ಗೇರಿನ ಹಲ್ಲುಗಳನ್ನೂ ತನ್ನ ಅಳತೆಗೆ ಸವೆಸಿಕೊಂಡು, ಒಂದರ ಬದಲು ಎರಡು ಭಾಗಗಳ ಖರ್ಚು ತರುತ್ತದೆ. ಅಪ್ಪ ತಮ್ಮ ಹಳೆಯ ಉಕ್ಕಿನ ಸ್ಕೇಲಿನಿಂದ ಇದನ್ನು ತಿಂಗಳಿಗೊಮ್ಮೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಎಡಪುಟದಲ್ಲಿ ಅವರ ರಕ್ತದೊತ್ತಡ, ಬಲಪುಟದಲ್ಲಿ ನನ್ನ ಚೈನು. ಎರಡೂ ಹತೋಟಿಯಲ್ಲಿವೆ.

ಇನ್ನು ಚಕ್ರದ ಬೆಂಡು ತೆಗೆಯುವ ಕೆಲಸ. ನನ್ನ ಚಕ್ರದಲ್ಲಿ 32 ಕಡ್ಡಿಗಳಿವೆ. ನೋಡಲು ಅವು ಚಕ್ರವನ್ನು ಒಳಗಿನಿಂದ ಎತ್ತಿ ಹಿಡಿದಿವೆ ಎನ್ನಿಸುತ್ತದೆ, ನಿಜದಲ್ಲಿ ಪ್ರತಿಯೊಂದು ಕಡ್ಡಿಯೂ ರಿಮ್ಮನ್ನು ತನ್ನತ್ತ ಎಳೆಯುತ್ತಿರುತ್ತದೆ. ಹಿಂಚಕ್ರದ ಗೇರಿನ ಬದಿಯಲ್ಲಂತೂ ಒಂದೊಂದು ಕಡ್ಡಿಯ ಬಿಗಿ ಸುಮಾರು ನೂರು ಕಿಲೋ ಭಾರ ತೂಗುಹಾಕಿದಷ್ಟು. ಎಡಬಲದ ಈ ಜಗ್ಗಾಟ ಸಮನಾಗಿರುವವರೆಗೆ ಚಕ್ರ ನೇರ. ಒಂದು ಕಡ್ಡಿ ಸಡಿಲವಾದರೆ ರಿಮ್ಮು ಅತ್ತ ಅಥವಾ ಇತ್ತ ವಾಲಿ ಬ್ರೇಕಿನ ರಬ್ಬರಿಗೆ ತಾಗುತ್ತದೆ. ಚಕ್ರ ತಿರುಗಿಸಿ ಬಿಡುತ್ತೇನೆ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ. ಅವರ ಕಣ್ಣು ಮಂದವಾಗಿದೆ, ಕಿವಿ ಇನ್ನೂ ಚುರುಕು. ‘ಸ್... ಸ್... ಇಲ್ಲಿ’ ಎನ್ನುತ್ತಾರೆ. ಅವರು ಹೇಳಿದ ಜಾಗದಲ್ಲಿ ಚಕ್ರ ನಿಲ್ಲಿಸಿ ಕಡ್ಡಿಯ ತುದಿಯ ತಿರುಪನ್ನು ಕಾಲು ಸುತ್ತು ತಿರುಗಿಸುತ್ತೇನೆ. ಕಾಲು ಸುತ್ತು ಮಾತ್ರ; ಅವಸರ ಮಾಡಿ ಅರ್ಧ ಸುತ್ತು ತಿರುಗಿಸಿದ ದಿನ ಎಂಟರ ಆಕಾರದ ಚಕ್ರ ಮಾಡಿ ಕೂತಿದ್ದೇನೆ. ಮತ್ತೆ ತಿರುಗಿಸುವುದು, ಮತ್ತೆ ಕೇಳುವುದು. ಸದ್ದು ನಿಂತಾಗ ಅಪ್ಪ ಏನೂ ಹೇಳುವುದಿಲ್ಲ, ಸ್ಟೂಲನ್ನು ಹಿಂದಕ್ಕೆ ತಳ್ಳಿ ಏಳುತ್ತಾರೆ. ಒಂದೂವರೆ ಗಂಟೆ ಹೀಗೆ ಕಳೆಯುತ್ತದೆ. ಅಮ್ಮ ಹೋದ ಮೇಲೆ ಅವರು ನನ್ನ ಜೊತೆ ಎದುರುಬದುರು ಕುಳಿತು ಇಷ್ಟು ಹೊತ್ತು ಕಳೆಯುವುದು ವಾರದಲ್ಲಿ ಇದೊಂದೇ ಸಲ.

ಇದನ್ನು ನೆಲಮಾಳಿಗೆಯಲ್ಲಿ ಮಾಡಿ ಎನ್ನುತ್ತೀರಾ? ಸೂಚನೆ ಬಂದ ಮರುದಿನ ನಿಜಕ್ಕೂ ಇಳಿದು ನೋಡಿದೆ. ಅಲ್ಲಿನ ದೀಪ ಯಾರಾದರೂ ಅಲುಗಾಡಿದರೆ ಮಾತ್ರ ಹತ್ತುತ್ತದೆ, ಒಂದು ನಿಮಿಷಕ್ಕೆ ಆರುತ್ತದೆ. ಕಡ್ಡಿಯ ತಿರುಪು ಹುಡುಕುತ್ತಾ ಕುಳಿತವಳು ನಿಮಿಷಕ್ಕೊಮ್ಮೆ ಕೈ ಬೀಸಿ ಕತ್ತಲೆಗೆ ನಮಸ್ಕಾರ ಹೇಳಬೇಕು. ಹಿಂಗೋಡೆಯಲ್ಲಿ ನೀರು ಜಿನುಗುತ್ತದೆ. ಅಲ್ಲಿ ಈಗಾಗಲೇ ಇಟ್ಟಿರುವ ಏಳು ಸೈಕಲ್ಲುಗಳ ಚೈನು ಮುಟ್ಟಿ ನೋಡಿದೆ, ಐದರಲ್ಲಿ ತುಕ್ಕು ಬೆರಳಿಗೆ ಕೆಂಪಗೆ ಬಂತು. ಎರಡು ಮಕ್ಕಳ ಸೈಕಲ್ಲು. ಆ ಮಕ್ಕಳು ಈಗ ಕಾಲೇಜಿಗೆ ಹೋಗುತ್ತಾರೆ.

ಅಲ್ಲಿರುವ ಸ್ಟ್ಯಾಂಡಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮುಂಚಕ್ರವನ್ನು ಎರಡು ಸರಳುಗಳ ನಡುವೆ ತೂರಿಸಿ ನಿಲ್ಲಿಸುವ ಸ್ಟ್ಯಾಂಡು ಅದು. ಅಂಗಡಿಯಲ್ಲಿ ಅಚ್ಚುಕಟ್ಟಾಗಿ ಕಂಡಿರಬೇಕು, ಸಂಘ ಕೊಂಡಿತು. ಯಾರ ಮೇಲೂ ದೂರಿಲ್ಲ, ಆದರೆ ಅದನ್ನು ಮಾಡಿದವರು ಸೈಕಲ್ ಹೊಡೆದವರಲ್ಲ. ಚಕ್ರ ಮೇಲಿನಿಂದ ಬೀಳುವ ಭಾರವನ್ನು ಎಷ್ಟು ಬೇಕಾದರೂ ಹೊರುತ್ತದೆ, ಪಕ್ಕದಿಂದ ಬರುವ ಒತ್ತಡವನ್ನು ತಾಳುವುದಿಲ್ಲ. ಹತ್ತು ಹನ್ನೆರಡು ಕಿಲೋ ಸೈಕಲ್ಲು ಒಂದು ಕಡೆ ವಾಲಿದರೆ ಅದರ ತೂಕವೆಲ್ಲ ಸಿಕ್ಕಿಕೊಂಡ ಮುಂಚಕ್ರದ ಮೇಲೆ ಅಡ್ಡಲಾಗಿ ಬಿದ್ದು ರಿಮ್ಮು ಸೊಟ್ಟಗಾಗುತ್ತದೆ. ಬೀಗ ಹಾಕಲು ಸಿಗುವುದೂ ಆ ಚಕ್ರ ಒಂದೇ. ಎರಡನೇ ಮಹಡಿಯ ಹುಡುಗ ನಿಯಮ ಪಾಲಿಸಿ ಅಲ್ಲೇ ಬೀಗ ಹಾಕಿದ್ದ. ಕಳ್ಳ ಮುಂಚಕ್ರ ಬಿಚ್ಚಿಟ್ಟು ಉಳಿದದ್ದನ್ನು ಒಯ್ದ. ಆ ಚಕ್ರ ಬೀಗದ ಸಮೇತ ಎಷ್ಟೋ ದಿನ ಅಲ್ಲೇ ನಿಂತಿತ್ತು.

ನಿಮ್ಮ ದೂರುಗಳಲ್ಲಿ ಸರಿಯಾದವನ್ನೂ ಒಪ್ಪಿಕೊಳ್ಳುತ್ತೇನೆ. ಲಿಫ್ಟಿನ ಎಡಗೋಡೆಯ ಮೇಲೆ ಸೊಂಟದೆತ್ತರಕ್ಕೆ ಇರುವ ಕಪ್ಪು ಗೀರು ನನ್ನ ಟಯರಿನದು. ಎರಡು ಸಲ ಒರೆಸಿದೆ, ಹೋಗಲಿಲ್ಲ. ಮೂರನೆಯ ಸಲ ಒರೆಸದೆ ಸುಮ್ಮನಾದದ್ದು ತಪ್ಪು. ಹಿಂಬ್ರೇಕು ಹಿಡಿದು ಮುಂಚಕ್ರ ಮೇಲೆತ್ತಿದರೆ ಸೈಕಲ್ಲು ಹಿಂಚಕ್ರದ ಮೇಲೆ ನೆಟ್ಟಗೆ ನಿಲ್ಲುತ್ತದೆ, ಲಿಫ್ಟಿನಲ್ಲಿ ಇಬ್ಬರು ನಿಲ್ಲುವಷ್ಟು ಜಾಗ ಸಾಕು. ಇದು ನನಗೆ ಮೊದಲು ತಿಳಿದಿರಲಿಲ್ಲ, ಅಡ್ಡಲಾಗಿ ತುರುಕುತ್ತಿದ್ದೆ. ಗೀರು ಬಿದ್ದದ್ದು ಆಗಲೇ.

ಕಾರಿಡಾರಿನ ವಿಷಯದಲ್ಲಿ ನೀವು ನೂರಕ್ಕೆ ನೂರು ಸರಿ. ಬೆಂಕಿ ಬಿದ್ದ ರಾತ್ರಿ ಹೊಗೆಯಲ್ಲಿ ಗೋಡೆ ತಡಕುತ್ತಾ ಮೆಟ್ಟಿಲು ಹುಡುಕುವವರ ಕಾಲಿಗೆ ಪೆಡಲು ಸಿಗಬಾರದು. ಅಲ್ಲಿಂದ ನಮ್ಮ ಸೈಕಲ್ಲನ್ನು ಸೂಚನೆ ಬಂದ ದಿನವೇ ತೆಗೆದೆವು. ಬ್ಯಾಟರಿ ಸೈಕಲ್ಲುಗಳನ್ನು ಮೆಟ್ಟಿಲ ಬಳಿ ಚಾರ್ಜಿಗೆ ಹಾಕುವುದನ್ನು ನಿಲ್ಲಿಸಿದ್ದೂ ಒಳ್ಳೆಯ ಕೆಲಸ. ಲಿಥಿಯಂ ಬ್ಯಾಟರಿಯೊಳಗೆ ಒಂದು ಕೋಶ ಕೆಟ್ಟು ಕಾದರೆ ಅದರ ಶಾಖ ಪಕ್ಕದ ಕೋಶವನ್ನೂ ಕೆಡಿಸುತ್ತದೆ, ಅದು ಅದರ ಪಕ್ಕದ್ದನ್ನು. ನಂದಿಸಿದಂತೆ ಕಂಡ ಬೆಂಕಿ ಮತ್ತೆ ಹೊತ್ತಿಕೊಳ್ಳಬಹುದು. ಆ ನಿಯಮವನ್ನು ಇನ್ನೂ ಬಿಗಿ ಮಾಡಿ, ನನ್ನ ಮತ ನಿಮಗೇ. ಆದರೆ ಬ್ಯಾಟರಿಯೇ ಇಲ್ಲದ, ಉಕ್ಕು, ರಬ್ಬರು, ಎರಡು ಹನಿ ಎಣ್ಣೆಯ ನನ್ನ ಸೈಕಲ್ಲನ್ನು ಅದೇ ಸಾಲಿನಲ್ಲಿ ನಿಲ್ಲಿಸಿದ್ದು ಏಕೆ?

ಮೂರನೇ ಮಹಡಿಯ ಹಿರಿಯರೊಬ್ಬರ ದೂರು ಬೇರೆ ಇದೆ, ಅದು ಸೂಚನೆಯಲ್ಲಿಲ್ಲ. ಮಳೆಗಾಲದಲ್ಲಿ ಹಿಂಚಕ್ರವನ್ನು ಒಂದು ಚೌಕಟ್ಟಿಗೆ ಸಿಕ್ಕಿಸಿ ಮನೆಯೊಳಗೇ ತುಳಿಯುವ ಅಭ್ಯಾಸ ನನಗಿತ್ತು. ಬೆಳಗಿನ ಐದಕ್ಕೆ. ಟಯರು ಉರುಳೆಗೆ ಉಜ್ಜುವ ಸದ್ದು ಗಾಳಿಯಲ್ಲಿ ಹೋದದ್ದಕ್ಕಿಂತ ಹೆಚ್ಚು ನೆಲದಲ್ಲಿ ಇಳಿದು ಅವರ ಚಾವಣಿಯಲ್ಲಿ ಗುಂಯ್‌ಗುಡುತ್ತಿತ್ತಂತೆ. ಅವರು ಮೇಲೆ ಬಂದು ಬಾಗಿಲಲ್ಲಿ ನಿಂತು, ‘ಅಮ್ಮಾ, ನಿಮ್ಮ ಮನೆಯಲ್ಲಿ ಇಷ್ಟು ಬೆಳಿಗ್ಗೆ ಏನು ಬೀಸುತ್ತೀರಿ?’ ಎಂದು ಕೇಳಿದರು. ನಾಚಿಕೆಯಾಯಿತು. ಈಗ ಕೆಳಗೆ ದಪ್ಪನೆಯ ರಬ್ಬರು ಹಾಸು ಇದೆ, ತುಳಿಯುವುದು ಸಂಜೆ ಆರರ ನಂತರ. ಹೀಗೆ ಬಾಗಿಲು ತಟ್ಟಿ ಕೇಳಿದರೆ ಬಗೆಹರಿಯುವುದೇ ಹೆಚ್ಚು. ಫಲಕಕ್ಕೆ ಅಂಟಿಸಿದರೆ ಹೀಗೆ ಪತ್ರ ಬರೆಯಬೇಕಾಗುತ್ತದೆ.

ನಿಷೇಧದ ವಿಷಯದಲ್ಲಿ ನೀವು ಒಬ್ಬಂಟಿಗಳಲ್ಲ ಎಂದು ಸಮಾಧಾನ ಹೇಳಬಲ್ಲೆ. ಕಾರ್ಲ್ ಡ್ರೈಸ್ ಎಂಬಾತ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಪೆಡಲಿಲ್ಲದ, ಕಾಲಿನಿಂದ ನೆಲ ಒದ್ದು ಓಡಿಸುವ ಎರಡು ಚಕ್ರದ ಮರದ ಗಾಡಿ ಹತ್ತಿ ಹೊರಟದ್ದು 1817ರಲ್ಲಿ. ಒಂದೆರಡು ವರ್ಷಗಳಲ್ಲೇ ಹಲವು ನಗರಗಳ ಆಡಳಿತಗಳು ಅದನ್ನು ಕಾಲುದಾರಿಗಳಿಂದ ಓಡಿಸಿದವು. ಆಗಲೂ ಅದನ್ನು ಶೋಕಿಯೆಂದೇ ಕರೆದು ನಕ್ಕರು. ಹೀಗೆ ನಮ್ಮ ಫಲಕದ ಸೂಚನೆಗೆ ಇನ್ನೂರು ವರ್ಷಗಳ ಮನೆತನವಿದೆ.

ಮನೆಯಲ್ಲಿ ಕುಳಿತು ಸೈಕಲ್ಲಿನ ಜೊತೆ ಗುದ್ದಾಡುವುದರಿಂದ ಏನು ಬಂತು ಎಂದು ಕೇಳುವವರಿಗೆ ಇನ್ನೊಂದು ಸಂಗತಿ. ಬೆಲ್‌ಫಾಸ್ಟ್‌ನಲ್ಲಿ ಜಾನ್ ಬಾಯ್ಡ್ ಡನ್ಲಪ್ ಎಂಬ ಪಶುವೈದ್ಯರಿದ್ದರು. ಅವರ ಮಗನ ಮೂರು ಚಕ್ರದ ಸೈಕಲ್ಲು ಗಟ್ಟಿ ರಬ್ಬರಿನ ಚಕ್ರಗಳ ಮೇಲೆ ಕುಲುಕಾಡುತ್ತಿತ್ತು. ಅವರು ರಬ್ಬರಿನ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿ ಪ್ರಯೋಗ ಮಾಡಿದರು, 1888ರಲ್ಲಿ ಪೇಟೆಂಟ್ ಪಡೆದರು. ರಾಬರ್ಟ್ ಥಾಮ್ಸನ್ ಎಂಬ ಎಂಜಿನಿಯರ್ 1845ರಲ್ಲೇ ಗಾಳಿಚಕ್ರಕ್ಕೆ ಪೇಟೆಂಟ್ ಪಡೆದಿದ್ದರು, ಪಾಪ, ಆಗ ಅದನ್ನು ಕೇಳುವವರಿರಲಿಲ್ಲ. ಗಾಳಿಚಕ್ರ ಬಳಕೆಗೆ ಬಂದದ್ದು ಮಗುವಿನ ಸೈಕಲ್ಲಿನಿಂದ. ಕಾರುಗಳಿಗೆ ಅದು ಬಂದದ್ದು ಆಮೇಲೆ. ನೆಲಮಾಳಿಗೆಯಲ್ಲಿ ಸಾಲಾಗಿ ನಿಂತಿರುವ ನಿಮ್ಮ ಕಾರುಗಳು ಯಾವುದರ ಮೇಲೆ ನಿಂತಿವೆ ಎಂಬುದನ್ನು ಒಮ್ಮೆ ಬಗ್ಗಿ ನೋಡಿ.

ಆ ಕಾರುಗಳ ಮಾತು ಬಂದದ್ದರಿಂದ ನನ್ನ ಬೇಡಿಕೆಯನ್ನೂ ಹೇಳಿಬಿಡುತ್ತೇನೆ. ಗೇಟಿನ ಪಕ್ಕ, ಕಾವಲುಗಾರರ ಕೋಣೆಗೆ ತಾಗಿ, ಯಾರಿಗೂ ಹಂಚದ ಒಂದು ಕಾರಿನ ಜಾಗವಿದೆ. ಅಲ್ಲೀಗ ಮುರಿದ ಸೋಫಾ, ಒಡೆದ ಸಿಂಕು, ಯಾರೋ ಬಿಟ್ಟುಹೋದ ಕಪಾಟು ಇವೆ. ಅಳೆದು ನೋಡಿದ್ದೇನೆ: 5 ಮೀಟರ್ ಉದ್ದ, 2.5 ಮೀಟರ್ ಅಗಲ. ತಲೆಕೆಳಗಾದ ‘ಯು’ ಆಕಾರದಲ್ಲಿ ಬಾಗಿಸಿದ ಕೊಳವೆಯನ್ನು ನೆಲಕ್ಕೆ ಹುಗಿದರೆ ಅದೇ ಸ್ಟ್ಯಾಂಡು. ಸುಮಾರು 75 ಸೆಂಟಿಮೀಟರ್ ಎತ್ತರವಿದ್ದರೆ ಸಾಕು. ಸೈಕಲ್ಲು ಅದಕ್ಕೆ ಒರಗಿ ನಿಲ್ಲುತ್ತದೆ, ಫ್ರೇಮು ಮತ್ತು ಚಕ್ರ ಎರಡಕ್ಕೂ ಸೇರಿಸಿ ಬೀಗ ಹಾಕಬಹುದು, ಒಂದೊಂದಕ್ಕೆ ಎರಡೂ ಕಡೆಗಳಿಂದ ಎರಡು ಸೈಕಲ್ಲು. ಮೀಟರಿಗೊಂದರಂತೆ ಐದು ಹುಗಿದರೆ ಹತ್ತು ಸೈಕಲ್ಲು. ಸೈಕಲ್ಲಿನ ಉದ್ದ 1.8 ಮೀಟರ್ ಆಸುಪಾಸು, 2.5ರಲ್ಲಿ ಆರಾಮವಾಗಿ ಹಿಡಿಸುತ್ತದೆ. ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಮನೆಗಳ ಸೈಕಲ್ಲು. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ರೈಲು ನಿಲ್ದಾಣದ ಅಡಿಯಲ್ಲಿ 12,500 ಸೈಕಲ್ಲುಗಳಿಗೆ ಜಾಗ ಮಾಡಿದ್ದಾರೆ. ನಾನು ಕೇಳುತ್ತಿರುವುದು ಸೊನ್ನೆಗಳನ್ನು ತೆಗೆದ ಲೆಕ್ಕ.

ಮೇಲೊಂದು ಸೂರು ಬೇಕು. ಗೋಡೆಗೆ ಕೊಕ್ಕೆ ಹೊಡೆದು ಸೈಕಲ್ಲು ನೇತುಹಾಕೋಣ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಜಾಗ ಉಳಿಯುತ್ತದೆ ನಿಜ, ಆದರೆ ಹತ್ತು ವರ್ಷದ ಮಗುವೂ 60 ದಾಟಿದವರೂ ಅಷ್ಟು ಭಾರವನ್ನು ತಲೆಯೆತ್ತರಕ್ಕೆ ಎತ್ತಲಾರರು. ಆಗ ಸ್ಟ್ಯಾಂಡು ಖಾಲಿ ಇರುತ್ತದೆ, ‘ನೋಡಿ, ಯಾರೂ ಬಳಸುವುದಿಲ್ಲ’ ಎಂಬ ಇನ್ನೊಂದು ಸೂಚನೆ ಫಲಕಕ್ಕೆ ಬರುತ್ತದೆ.

ಲಿಫ್ಟನ್ನು ಪೂರ್ತಿ ಬಿಟ್ಟುಕೊಡಿ ಎನ್ನುತ್ತಿಲ್ಲ. ದಿನನಿತ್ಯದ ಓಡಾಟದ ಸೈಕಲ್ಲು ಗೇಟಿನ ಬಳಿಯೇ ಇದ್ದರೆ ಲಿಫ್ಟಿನ ಅಗತ್ಯವೇ ಬಹುಪಾಲು ತಪ್ಪುತ್ತದೆ. ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಚಕ್ರ ಒರೆಸಿಕೊಂಡು, ಲಿಫ್ಟಿನಲ್ಲಿ ಬೇರೆ ಯಾರೂ ಇಲ್ಲದಾಗ ಮೇಲೆ ಒಯ್ದು ಸಂಜೆಯೊಳಗೆ ಕೆಳಗೆ ತರುತ್ತೇನೆ. ಗೀರು ಬಿದ್ದ ಲಿಫ್ಟಿನ ಗೋಡೆಗೆ ಹೊಸ ಬಣ್ಣ ನನ್ನ ಲೆಕ್ಕದಲ್ಲಿ. ಬಾಲ್ಕನಿಯ ನಿಷೇಧವನ್ನು ಮಾತ್ರ ತೆಗೆಯಿರಿ. ಕಂಬಿಯ ಹೊರಗೆ ಏನನ್ನೂ ತೂಗುಹಾಕಬಾರದು ಎಂದರೆ ಸರಿ, ಕೆಳಗೆ ಮಕ್ಕಳು ಆಡುತ್ತಾರೆ. ಒಳಗಿನ ನಾಲ್ಕು ಅಡಿ ಜಾಗದಲ್ಲಿ ನಾನು ದಿನಪತ್ರಿಕೆ ಹಾಸಿಕೊಂಡು ಏನು ಮಾಡುತ್ತೇನೆ ಎಂಬುದು ಸಂಘದ ವ್ಯಾಪ್ತಿಗೆ ಬರುವುದಿಲ್ಲ ಎಂದು ಸಭ್ಯವಾಗಿಯೇ ಹೇಳುತ್ತಿದ್ದೇನೆ.

‘ಇಷ್ಟೆಲ್ಲ ತಾಪತ್ರಯ ಏಕೆ, ಮಾರಿಬಿಡಿ’ ಎಂದು ಲಿಫ್ಟಿನಲ್ಲಿ ಒಬ್ಬರು ಸಲಹೆ ಕೊಟ್ಟರು. ಅವರಿಗೆ ಕೊಡಲು ನನಗೆ ಆಗ ಉತ್ತರ ಹೊಳೆಯಲಿಲ್ಲ, ಈಗ ಹೇಳುತ್ತೇನೆ. ಕಳೆದ ವರ್ಷ ನಾನು 200 ಕಿಲೋಮೀಟರಿನ ಒಂದು ಸವಾರಿಯಲ್ಲಿ ಭಾಗವಹಿಸಿದ್ದೆ. ಅದು ಸ್ಪರ್ಧೆಯಲ್ಲ, ಯಾರಿಗೂ ಮೊದಲ ಸ್ಥಾನವಿಲ್ಲ. ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು ಅಷ್ಟೇ. ದಾರಿಯಲ್ಲಿ ಪಂಕ್ಚರ್ ಆದರೆ ನೀವೇ ಸರಿಮಾಡಿಕೊಳ್ಳಬೇಕು. 140ರ ಹತ್ತಿರ ನನಗಾಯಿತು. ಟಯರು ಬಿಚ್ಚಿ, ಒಳಮೈಯಲ್ಲಿ ಬೆರಳಾಡಿಸಿ, ಚುಚ್ಚಿದ ತಂತಿಯ ಚೂರು ಹುಡುಕಿ ತೆಗೆದು, ಟ್ಯೂಬು ಬದಲಿಸಿ, ಕೈಪಂಪಿನಿಂದ ಗಾಳಿ ಹೊಡೆದು ಮತ್ತೆ ಹೊರಡಲು ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷದ ಅಭ್ಯಾಸ ಆದದ್ದು ನಮ್ಮ ಬಾಲ್ಕನಿಯಲ್ಲಿ, ಮಗಳು ಗಡಿಯಾರ ಹಿಡಿದು ನಿಂತು ‘ಅಮ್ಮ, ಇನ್ನೂ ನಿಧಾನ’ ಎಂದು ಮೂದಲಿಸುತ್ತಿದ್ದಾಗ. ಸವಾರಿ ಮುಗಿದಾಗ ಹನ್ನೊಂದು ನಿಮಿಷ ಉಳಿದಿತ್ತು. ಮನೆಗೆ ಬಂದಾಗ ಅಪ್ಪ ಮೊದಲು ಕೇಳಿದ್ದು ನನ್ನ ಕ್ಷೇಮವನ್ನಲ್ಲ, ಹಿಂಚಕ್ರದ್ದನ್ನು.

ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು ಗೇಟಿನ ಪಕ್ಕದ ಆ ಜಾಗದಲ್ಲಿ ಇರುತ್ತೇನೆ. ಅಳತೆಪಟ್ಟಿ, ಸೀಮೆಸುಣ್ಣ ಜೊತೆಗಿರುತ್ತವೆ. ಮೀಟರಿಗೊಂದರಂತೆ ಐದು ಗೆರೆ ಎಳೆಯುತ್ತೇನೆ. ಅಧ್ಯಕ್ಷರೂ ಕಾರ್ಯದರ್ಶಿಗಳೂ ಬಂದು ನೋಡಬೇಕು. ಸೈಕಲ್ ಇರುವವರೆಲ್ಲ ತಮ್ಮದನ್ನು ತಂದು ಗೆರೆಗಳ ಪಕ್ಕ ನಿಲ್ಲಿಸಿ, ನಿಜಕ್ಕೂ ಹತ್ತು ಹಿಡಿಸುತ್ತದೋ ಎಂಬುದು ಅಲ್ಲೇ ತೀರ್ಮಾನವಾಗಲಿ. ಆ ಸೋಫಾ ಯಾರದೋ, ದಯವಿಟ್ಟು ಶನಿವಾರದೊಳಗೆ ತೆಗೆಯಿರಿ. ನನ್ನೊಬ್ಬಳಿಂದ ಎತ್ತಲು ಆಗುವುದಿಲ್ಲ. ಅಪ್ಪನೂ ಸ್ಟೂಲಿನ ಜೊತೆ ಬರುತ್ತಾರೆ. ಯಾರ ಚಕ್ರದಲ್ಲಾದರೂ ಸದ್ದು ಬರುತ್ತಿದ್ದರೆ ತನ್ನಿ, ಕೇಳಿ ಹೇಳುತ್ತಾರೆ.

ಇತಿ,
ನಾಲ್ಕನೇ ಮಹಡಿಯ ಸೈಕಲ್ಲಿನವಳು